ಬ್ಲೂಟೂತ್ ಮಾಡ್ಯೂಲ್‌ನಲ್ಲಿ ಸ್ವರ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಕಳೆದ ಆಟಿ ತಿಂಗಳಲ್ಲಿ ಮಲ್ಪೆ ಕಡೆಯ ಒಂದು ಭಜನಾ ಮಂದಿರದಿಂದ ಉಡುಪಿಯ ನನ್ನ ಬೆಂಚಿಗೆ ಆಂಪ್ಲಿಫೈಯರ್ ಪೆಟ್ಟಿಗೆಯೊಂದು ಬಂತು. 4440 ಎಂಬ ಆಂಪ್ಲಿಫೈಯರ್ ಐಸಿಯ ಹಳೆಯ ಸೆಟ್. ಯಾರೋ ಅದರೊಳಗೆ ಬ್ಲೂಟೂತ್ ಮಾಡ್ಯೂಲ್, ಅಂದರೆ ಫೋನಿನ ಹಾಡನ್ನು ವೈರಿಲ್ಲದೆ ಹಿಡಿಯುವ ಪುಟ್ಟ ಬೋರ್ಡ್, ಕೂರಿಸಿದ್ದರು. ಹಾಡು ಹಾಕದೆ ಇದ್ದಾಗಲೂ ಸ್ಪೀಕರಿನಲ್ಲಿ ‘ಕುಂಯ್ಯ್... ಟಿರ್ರ್’ ಎಂದು ಸಣ್ಣ ಸ್ವರ. ಫೋನ್ ಜೋಡಿಸಿದರೆ ಅದು ಇನ್ನೂ ಜಾಸ್ತಿ.

‘ಇದು ಮೂರನೇ ಪೀಸ್ ಅಣ್ಣಾ. ಯಾವುದು ಹಾಕಿದರೂ ಹೀಗೇ’ ಎಂದರು ತಂದವರು. ಹಿಂದೆ ತೆಗೆದಿಟ್ಟ ಎರಡು ಪೀಸ್‌ಗಳೂ ಅವರ ಕವರಿನಲ್ಲಿದ್ದವು. ಎರಡಕ್ಕೂ ಬ್ಯಾಟರಿ ಕೊಟ್ಟು ಕೇಳಿದೆ. ಎರಡೂ ಚೆನ್ನಾಗಿದ್ದವು. ಒಳಗೆ ಇದ್ದದ್ದೂ ಚೆನ್ನಾಗಿತ್ತು. ತಪ್ಪು ಇದ್ದದ್ದು ಕರೆಂಟ್ ವಾಪಸ್ ಬರುವ ಗ್ರೌಂಡ್ ವೈರ್ ಹೋದ ದಾರಿಯಲ್ಲಿ.

ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮಾಡ್ಯೂಲ್ ಅಗ್ಗ, ಬದಲಿಸುವುದು ಸುಲಭ, ಹಾಗಾಗಿ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ರೇಡಿಯೋ, ಡಿಕೋಡರ್ ಎಲ್ಲ ಚಿಪ್ ಒಳಗೆ ಭದ್ರವಾಗಿ ಇರುತ್ತವೆ. ನಾವು ಕೈಯಾಡಿಸುವುದು ಚಿಪ್ ಮತ್ತು ಆಂಪ್ಲಿಫೈಯರ್ ನಡುವಿನ ಎರಡು ಇಂಚು ಜಾಗದಲ್ಲಿ. ನನ್ನ ಬೆಂಚಿಗೆ ಬಂದವುಗಳಲ್ಲಿ ಹೆಚ್ಚಿನ ದೋಷಗಳು ಸಿಕ್ಕಿದ್ದೂ ಅಲ್ಲೇ. ಆ ಎರಡು ಇಂಚನ್ನು ಹೇಗೆ ಪರೀಕ್ಷೆ ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಸ್ವರ ಹೋಗುವ ದಾರಿ

ಫೋನಿನಿಂದ ಬಂದ ಅಂಕಿಗಳನ್ನು ಚಿಪ್‌ನ ಒಳಗಿನ ಡಿಎಸಿ ಎಂಬ ಭಾಗ ಅಲೆಗಳಾಗಿ ಮಾಡುತ್ತದೆ. ಅಲೆ ಎಂದರೆ ಮೇಲೂ ಹೋಗಬೇಕು, ಕೆಳಗೂ ಇಳಿಯಬೇಕು. ಆದರೆ ಚಿಪ್‌ಗೆ ಸಿಗುವುದು ಪ್ಲಸ್ ಸಪ್ಲೈ ಮಾತ್ರ, ಮೈನಸ್ ಇಲ್ಲ. ಅದಕ್ಕೆ ಅದು ಸೊನ್ನೆಯನ್ನೇ ಮೇಲಕ್ಕೆ ಎತ್ತಿ ಇಟ್ಟುಕೊಳ್ಳುತ್ತದೆ. 3.3 ವೋಲ್ಟ್‌ನಲ್ಲಿ ನಡೆಯುವ ಔಟ್‌ಪುಟ್ ಆದರೆ ಸುಮಾರು 1.65ರ ಮೇಲೆ ಕೂರುತ್ತದೆ. 1.8ರದ್ದಾದರೆ ಸುಮಾರು 0.9. ಹಾಡು ಇಲ್ಲದಾಗಲೂ ಈ ಡಿಸಿ ಅಲ್ಲಿರುತ್ತದೆ. ಇದನ್ನು ಬಯಾಸ್ ಎನ್ನುತ್ತಾರೆ.

ಈ ಡಿಸಿ ಆಂಪ್ಲಿಫೈಯರ್‌ಗೆ ಹೋಗಬಾರದು. ನಡುವೆ ಕೂರುವ ಕಪ್ಲಿಂಗ್ ಕೆಪಾಸಿಟರ್ ಡಿಸಿಯನ್ನು ತಡೆದು ಸ್ವರವನ್ನು ಮಾತ್ರ ಬಿಡುತ್ತದೆ. ಇನ್‌ಪುಟ್ ಕಡೆಯೂ ಇದೇ ಕಥೆ, ದಿಕ್ಕು ಮಾತ್ರ ತಿರುಗಮುರುಗ. ಹೊರಗಿನ ಸ್ವರ ಕೆಪಾಸಿಟರ್ ದಾಟಿ ಚಿಪ್‌ನ ಬಯಾಸ್ ಮೇಲೆ ಕೂತು ಒಳಗೆ ಹೋಗುತ್ತದೆ.

ಹಾಗಾಗಿ ಯಾವ ದೋಷವೇ ಇರಲಿ, ನಾನು ಮೊದಲು ನಿಲ್ಲುವುದು ಕಪ್ಲಿಂಗ್ ಕೆಪಾಸಿಟರ್ ಹತ್ತಿರ. ಅದರ ಒಂದು ಕಾಲು ಚಿಪ್‌ನ ಸುದ್ದಿ ಹೇಳುತ್ತದೆ, ಇನ್ನೊಂದು ಕಾಲು ಆಂಪ್ಲಿಫೈಯರ್‌ನ ಸುದ್ದಿ ಹೇಳುತ್ತದೆ.

ಏನೇನು ಬೇಕು

ಒಂದು ಮಲ್ಟಿಮೀಟರ್. ಹಳದಿ ಬಣ್ಣದ ಅಗ್ಗದ್ದೂ ಸಾಕು, ಆದರೆ ಅದರ ಮಿತಿ ತಿಳಿದಿರಲಿ. 830 ಮಾದರಿಯ ಮೀಟರ್‌ಗಳಲ್ಲಿ ಎಸಿಯ ಅತಿ ಚಿಕ್ಕ ರೇಂಜೇ 200 ವೋಲ್ಟ್. ಅರ್ಧ ವೋಲ್ಟ್ ಸ್ವರ ಅದರಲ್ಲಿ ಕಾಣುವುದಿಲ್ಲ. ಡಿಸಿ ಅಳೆಯಲು ಅದು ಚೆನ್ನಾಗಿದೆ. ನಮಗೆ ಬೇಕಾದ್ದು ಹೆಚ್ಚಾಗಿ ಡಿಸಿಯೇ. ಎಸಿ ಮಿಲಿವೋಲ್ಟ್ ತೋರಿಸುವ ಮೀಟರ್ ಇದ್ದರೆ 200 ಹರ್ಟ್ಸ್‌ನ ಟೋನ್ ಹಾಕಿ ಅಳೆಯಿರಿ. ಎಷ್ಟೋ ಮೀಟರ್‌ಗಳು 400 ಹರ್ಟ್ಸ್ ದಾಟಿದ ಮೇಲೆ ಸರಿಯಾಗಿ ಹೇಳುವುದಿಲ್ಲ. ಎಲ್ಲರೂ ಬಳಸುವ 1000 ಹರ್ಟ್ಸ್ ಟೋನ್ ಹಾಕಿದರೆ ಓದು ಕಡಿಮೆ ಬಂದು ದಾರಿ ತಪ್ಪುತ್ತದೆ.

ಸ್ವರ ಹುಡುಕಲು ಕಿವಿಯೇ ಒಳ್ಳೆಯದು. ಹಳೆಯ ಕಂಪ್ಯೂಟರ್ ಸ್ಪೀಕರ್ ಒಂದನ್ನು ಎತ್ತಿಡಿ. ಅದರ ವೈರಿನ ಶೀಲ್ಡ್‌ಗೆ, ಅಂದರೆ ಹೊರಗಿನ ಹೆಣೆದ ತಂತಿಗೆ, ಮೊಸಳೆ ಕ್ಲಿಪ್ ಹಾಕಿ. ಒಳಗಿನ ವೈರಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮುಂದೆ 10 ಕಿಲೋ ಓಮ್ ರೆಸಿಸ್ಟರ್, ತುದಿಗೆ ಒಂದು ಸೂಜಿ. ಕ್ಲಿಪ್ ಅನ್ನು ಗ್ರೌಂಡಿಗೆ ಕಚ್ಚಿಸಿ ಸೂಜಿಯಿಂದ ಒಂದೊಂದೇ ಜಾಗ ಮುಟ್ಟುತ್ತಾ ಹೋದರೆ ಸ್ವರ ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಅಲ್ಲೇ ಕೇಳುತ್ತದೆ. ನನ್ನ ಬೆಂಚಿನಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಉಪಕರಣ ಇದೇ.

ಒಂದು ಲಿಥಿಯಂ ಸೆಲ್ ಕೂಡ ಇರಲಿ. ಪವರ್ ಬ್ಯಾಂಕ್ ಆದೀತಲ್ವಾ ಎಂದು ಕೇಳಬಹುದು. ಮಾಡ್ಯೂಲ್ ಎಳೆಯುವ ಕರೆಂಟ್ ತೀರಾ ಕಡಿಮೆ. ಏನೂ ಜೋಡಿಸಿಲ್ಲ ಎಂದುಕೊಂಡು ಕೆಲವು ಪವರ್ ಬ್ಯಾಂಕ್ ಅರ್ಧದಲ್ಲೇ ಆಫ್ ಆಗುತ್ತವೆ. ಪರೀಕ್ಷೆ ನಡುವೆ ಹೀಗಾದರೆ ಸುಮ್ನೆ ಮಂಡೆ ಬಿಸಿ. 3.7 ವೋಲ್ಟ್‌ನಿಂದ 5 ವೋಲ್ಟ್‌ವರೆಗೆ ನಡೆಯುತ್ತದೆ ಎಂದು ಬರೆದ ಮಾಡ್ಯೂಲ್‌ಗೆ ಸೆಲ್ ನೇರವಾಗಿ ಕೊಡಬಹುದು.

ಇನ್ನೊಂದು, ಒಣಗಿದ ಹಿಡಿಸೂಡಿ ಕಡ್ಡಿ, ಅಂದರೆ ತೆಂಗಿನ ಗರಿಯ ಪೊರಕೆಯ ಕಡ್ಡಿ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಪೆಟ್ಟಿಗೆಯ ಒಳಗೆ 230 ವೋಲ್ಟ್ ಇದ್ದರೆ ಪ್ಲಗ್ ಕಿತ್ತ ಮೇಲೆಯೇ ಬೆಸುಗೆಗೆ ಕೈ ಹಾಕಿ. ಮೈನ್ಸ್ ಇರುವ ಜಾಗವನ್ನು ಮುಚ್ಚದೆ ಅಳೆಯಲು ಹೋಗಬೇಡಿ.

ಮೊದಲ ಐದು ನಿಮಿಷ

ಆನ್ ಮಾಡಿದಾಗ ಎಷ್ಟೋ ಮಾಡ್ಯೂಲ್‌ಗಳು ತಾವೇ ಒಂದು ಬೀಪ್ ಕೊಡುತ್ತವೆ, ಇಲ್ಲವೇ ಜೋಡಣೆಗೆ ಸಿದ್ಧ ಎಂದು ಮಾತಾಡುತ್ತವೆ. ಈ ಸ್ವರ ಫೋನಿನಿಂದ ಬರುವುದಲ್ಲ, ಚಿಪ್ ಒಳಗೇ ಇಟ್ಟದ್ದು. ಅದು ಸ್ಪಷ್ಟವಾಗಿ ಕೇಳಿ ಹಾಡು ಮಾತ್ರ ಕೆಟ್ಟಿದ್ದರೆ ಔಟ್‌ಪುಟ್ ದಾರಿ ಸರಿಯಿದೆ. ಫೋನಿನ ವಾಲ್ಯೂಮ್, ಫೈಲು, ದೂರ ಇವನ್ನು ನೋಡಿ. ಬೀಪ್ ಕೂಡ ಒಡೆದು ಬಂದರೆ, ಅಥವಾ ಮೊದಲು ಬರುತ್ತಿದ್ದದ್ದು ಈಗ ಬಾರದೇ ಇದ್ದರೆ, ದೋಷ ಔಟ್‌ಪುಟ್ ದಾರಿಯಲ್ಲಿದೆ.

ಆಮೇಲೆ ಮಾಡ್ಯೂಲ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ವೈರ್ ಬಿಚ್ಚಿ, ಆಂಪ್ಲಿಫೈಯರ್ ಇನ್‌ಪುಟ್ ವೈರನ್ನು ಅದರದೇ ಗ್ರೌಂಡಿಗೆ ಮುಟ್ಟಿಸಿ. ‘ಗುಂಯ್’ ಇನ್ನೂ ಇದ್ದರೆ ಅದು ಆಂಪ್ಲಿಫೈಯರ್‌ನದೇ, ಮಾಡ್ಯೂಲ್‌ನ ತಪ್ಪಿಲ್ಲ. ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಸಪ್ಲೈಯಿಂದ ಬರುವ ಹಮ್ 100 ಹರ್ಟ್ಸ್‌ನದು, ಸ್ವಲ್ಪ ಒರಟು. ಗ್ರೌಂಡ್ ಅಥವಾ ತೆರೆದ ವೈರಿನಿಂದ ಬರುವುದು ಹೆಚ್ಚಾಗಿ 50 ಹರ್ಟ್ಸ್‌ನದು, ಅದು ಆಳ. ಟೋನ್ ಹಾಕುವ ಆ್ಯಪ್‌ನಲ್ಲಿ ಎರಡನ್ನೂ ಒಮ್ಮೆ ಕೇಳಿ ಕಿವಿಗೆ ಅಭ್ಯಾಸ ಮಾಡಿಕೊಳ್ಳಿ.

ಈಗ ಡಿಸಿ. ಕಪ್ಪು ಪ್ರೋಬ್ ಮಾಡ್ಯೂಲ್‌ನ ಗ್ರೌಂಡ್ ಪ್ಯಾಡ್ ಮೇಲೆ. ಆಂಪ್ಲಿಫೈಯರ್ ಬಾಡಿ ಮೇಲೆ ಬೇಡ, ನಡುವಿನ ವೈರೇ ಕಡಿದಿರಬಹುದು. ಕೆಂಪು ಪ್ರೋಬ್‌ನಿಂದ ಮೊದಲು ಸಪ್ಲೈ ನೋಡಿ, ಹಾಡು ಜೋರಾಗಿ ಹಾಕಿಕೊಂಡೇ ನೋಡಿ. ಸುಮ್ಮನಿದ್ದಾಗ 5 ವೋಲ್ಟ್ ತೋರಿಸಿ ಚೆಂಡೆಯ ಒಂದೊಂದು ಪೆಟ್ಟಿಗೂ ವೋಲ್ಟ್ ಇಳಿಯುತ್ತಿದ್ದರೆ ಸಪ್ಲೈ ಸಾಲುತ್ತಿಲ್ಲ. ಆಮೇಲೆ ಎಡ, ಬಲ ಔಟ್‌ಪುಟ್‌ಗಳ ಕೆಪಾಸಿಟರ್ ಮೊದಲಿನ ಕಾಲು. ಎರಡೂ ಒಂದೇ ವೋಲ್ಟ್ ತೋರಿಸಬೇಕು. ಎಷ್ಟಿರಬೇಕು ಎಂಬ ಹಾಳೆ ಕೈಯಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ಎಡಕ್ಕೆ ಬಲವೇ ಸಾಕ್ಷಿ. ಎಡದಲ್ಲಿ 1.6, ಬಲದಲ್ಲಿ 0.3 ಇದ್ದರೆ ಬಲದ ಕಡೆ ಯಾವುದೋ ಅದನ್ನು ಕೆಳಗೆ ಎಳೆಯುತ್ತಿದೆ. ಹೊರಗಿನ ವೈರ್ ಬಿಚ್ಚಿ ಮತ್ತೆ ನೋಡಿ. ಮೇಲೆ ಬಂದರೆ ಚಿಪ್ ಬದುಕಿದೆ.

ಕೆಪಾಸಿಟರ್ ಆಚೆಯ ಕಾಲಿನಲ್ಲಿ ಡಿಸಿ ಇರಬಾರದು. ಆದರೆ ಅವಸರ ಬೇಡ. ಪ್ರೋಬ್ ಇಟ್ಟ ಕೂಡಲೇ ಏನೋ ವೋಲ್ಟ್ ತೋರಿಸಿ ನಿಧಾನ ಇಳಿಯುವುದು ಸಹಜ. 10 ಮೈಕ್ರೋಫ್ಯಾರಡ್ ಕೆಪಾಸಿಟರ್ 1 ಮೆಗಾ ಓಮ್ ಮೀಟರ್ ಮೂಲಕ ಖಾಲಿಯಾಗಲು ಅರ್ಧ ನಿಮಿಷದ ಮೇಲೆಯೇ ಬೇಕು. ಇಳಿಯದೆ ಅಲ್ಲೇ ನಿಂತರೆ ಆಗ ಸಂಶಯ ಪಡಿ. ಒಂದು ಎಚ್ಚರ: ಪಿಎಎಂ8403 ಥರದ ಆಂಪ್ಲಿಫೈಯರ್ ಚಿಪ್‌ಗಳ ಇನ್‌ಪುಟ್ ಪಿನ್‌ಗೆ ತನ್ನದೇ ಬಯಾಸ್ ಇರುತ್ತದೆ, 5 ವೋಲ್ಟ್ ಸಪ್ಲೈಯಲ್ಲಿ ಸುಮಾರು 2.5. ನಡುವೆ ಒಂದೇ ಕೆಪಾಸಿಟರ್ ಇದ್ದರೆ ಆಚೆ ಕಾಲಿನಲ್ಲಿ ಕಾಣುವುದು ಅದೇ, ದೋಷವಲ್ಲ. ಅಲ್ಲಿ ಪ್ಲಸ್, ಮೈನಸ್ ಕಾಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಹಾಕುವುದಾದರೆ ಪ್ಲಸ್ ಕಾಲು ಹೆಚ್ಚು ವೋಲ್ಟ್ ಇರುವ ಕಡೆಗೆ, ಅಂದರೆ ಆಂಪ್ಲಿಫೈಯರ್ ಕಡೆಗೆ. ಯಾವಾಗಲೂ ಮಾಡ್ಯೂಲ್ ಕಡೆಗೇ ಪ್ಲಸ್ ಎಂದು ಕಲಿತವರು ಇಲ್ಲಿ ತಪ್ಪುತ್ತಾರೆ.

ಕುಂಯ್ಯ್, ಟಿರ್ರ್

ಭಜನಾ ಮಂದಿರದ ಸೆಟ್‌ಗೆ ಬರುತ್ತೇನೆ. ಅತಿ ಹೆಚ್ಚು ಜನರನ್ನು ಸತಾಯಿಸುವ ದೋಷ ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಲೂಟೂತ್ ರೇಡಿಯೋ ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. 625 ಮೈಕ್ರೋಸೆಕೆಂಡಿನ ತುಂಡು ತುಂಡು ಸಮಯದಲ್ಲಿ ಕಳಿಸುತ್ತದೆ, ಕೇಳುತ್ತದೆ. ಒಂದು ಸಲ ಕಳಿಸಿ ಒಂದು ಸಲ ಕೇಳಿದರೆ 1.25 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 800 ಸಲ. ಉದ್ದದ ಪ್ಯಾಕೆಟ್ ಆದರೆ ಇನ್ನೂ ಕಡಿಮೆ ಸಲ. ಹೇಗಿದ್ದರೂ ಕರೆಂಟಿನ ಈ ಜಗ್ಗಾಟ ಬೀಳುವುದು ನಮ್ಮ ಕಿವಿಗೆ ಕೇಳುವ ಆವರ್ತನದಲ್ಲೇ. ಫೋನ್ ಜೋಡಿಸಿದಾಗ, ಹಾಡು ನಿಲ್ಲಿಸಿದಾಗ ಸ್ವರದ ಧಾಟಿ ಬದಲಾಗುವುದು ಇದರಿಂದ. ಹಾಗೆ ಬದಲಾದರೆ ಮೂಲ ರೇಡಿಯೋ ಎಂದು ಗಟ್ಟಿ ಮಾಡಿಕೊಳ್ಳಬಹುದು.

ಅದು ಸ್ಪೀಕರಿಗೆ ಹೇಗೆ ಬರುತ್ತದೆ? ಗ್ರೌಂಡ್ ವೈರಿನಿಂದ. ಆ ಸೆಟ್‌ನಲ್ಲಿ ಮಾಡ್ಯೂಲ್‌ಗೆ 7805 ಎಂಬ ರೆಗ್ಯುಲೇಟರ್‌ನಿಂದ 5 ವೋಲ್ಟ್ ಕೊಟ್ಟಿದ್ದರು. ಅದರ ಮೈನಸ್ ವೈರ್ ಉದ್ದಕ್ಕೆ ಎಳೆದು ಸ್ಪೀಕರ್ ಗ್ರೌಂಡಿನ ಹತ್ತಿರ ಬೆಸುಗೆ ಹಾಕಿತ್ತು. ಸ್ವರದ ಶೀಲ್ಡ್ ವೈರಿನ ಗ್ರೌಂಡ್ ಮಾತ್ರ ಆಂಪ್ಲಿಫೈಯರ್ ಇನ್‌ಪುಟ್ ಹತ್ತಿರ. ಮಾಡ್ಯೂಲ್‌ನಿಂದ ವಾಪಸ್ ಬರುವ ಕರೆಂಟಿಗೆ ಈಗ ಎರಡು ದಾರಿ. ಒಂದಷ್ಟು ಪಾಲು ಶೀಲ್ಡ್ ವೈರಿನಲ್ಲೇ ನುಗ್ಗುತ್ತದೆ. ಅಲ್ಲಿ ಹುಟ್ಟುವ ಮಿಲಿವೋಲ್ಟ್ ಆಂಪ್ಲಿಫೈಯರ್‌ಗೆ ಸ್ವರವೇ. ಅದನ್ನೂ ದೊಡ್ಡದು ಮಾಡಿ ಕೊಡುತ್ತದೆ.

ಖಚಿತ ಮಾಡುವುದು ಸುಲಭ. 7805ರ ಎರಡೂ ವೈರ್ ಬಿಚ್ಚಿ ಮಾಡ್ಯೂಲ್‌ಗೆ ಲಿಥಿಯಂ ಸೆಲ್ ಕೊಡಿ. ಸ್ವರದ ವೈರ್ ಹಾಗೇ ಇರಲಿ. ಸದ್ದು ಪೂರ್ತಿ ಹೋದರೆ ಅದು ಗ್ರೌಂಡ್ ಲೂಪ್, ಅಂದರೆ ಗ್ರೌಂಡಿನ ಈ ಎರಡು ದಾರಿಯ ತೊಂದರೆ. ಸೆಲ್‌ನಲ್ಲೂ ಇದ್ದರೆ ಮಾತ್ರ ಮಾಡ್ಯೂಲ್ ಒಳಗೆ, ಅದರ ಸಪ್ಲೈ ಕೆಪಾಸಿಟರ್ ಕಡೆ ನೋಡಬೇಕು. ಆವತ್ತು ಸೆಲ್ ಹಾಕಿದ ಕೂಡಲೇ ಸ್ಪೀಕರ್ ಎಷ್ಟು ನಿಶ್ಶಬ್ದ ಆಯಿತೆಂದರೆ, ತಂದವರು ಸೆಟ್ ಆಫ್ ಆಯಿತೋ ಎಂದು ಬಗ್ಗಿ ನೋಡಿದರು.

ಪರಿಹಾರಕ್ಕೆ ನಾನು ಮೊದಲು ಗ್ರೌಂಡ್ ದಾರಿ ಸರಿಪಡಿಸುತ್ತೇನೆ. 5 ವೋಲ್ಟ್ ರೆಗ್ಯುಲೇಟರ್ ಅನ್ನು ಮಾಡ್ಯೂಲ್ ಪಕ್ಕಕ್ಕೇ ತಂದು, ಅದರ ಮೈನಸ್ ಅನ್ನು ಮುಖ್ಯ ಫಿಲ್ಟರ್ ಕೆಪಾಸಿಟರ್‌ನ ಕಾಲಿಗೆ ನೇರ ತಲುಪಿಸಿ, ಮಾಡ್ಯೂಲ್‌ನ ಸಪ್ಲೈ ಬಾಯಲ್ಲಿ 100 ಮೈಕ್ರೋಫ್ಯಾರಡ್ ಜೊತೆಗೆ 0.1 ಮೈಕ್ರೋಫ್ಯಾರಡ್ ಹಾಕಿದರೆ ಸದ್ದು ತುಂಬಾ ಇಳಿಯುತ್ತದೆ. ಪೂರ್ತಿ ಹೋಗದಿದ್ದರೆ ಬಿ0505ಎಸ್ ಎಂಬ ನಾಲ್ಕು ಕಾಲಿನ ಪುಟ್ಟ ಕನ್ವರ್ಟರ್ ಇದೆ. 5 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ. ಆದರೆ ಎರಡರ ಗ್ರೌಂಡ್‌ಗೂ ಸಂಬಂಧ ಇಲ್ಲ. 1 ವಾಟಿನದ್ದು, 200 ಮಿಲಿಆಂಪ್‌ವರೆಗೆ ಕೊಡುತ್ತದೆ, ಮಾಡ್ಯೂಲ್‌ಗೆ ಅಷ್ಟು ಸಾಕು. ಹಾಕಿದ ಮೇಲೆ ಮಾಡ್ಯೂಲ್ ಗ್ರೌಂಡ್ ಆಂಪ್ಲಿಫೈಯರ್‌ಗೆ ಸೇರುವುದು ಸ್ವರದ ಶೀಲ್ಡ್ ಮೂಲಕ ಮಾತ್ರ ಇರಬೇಕು. ಇನ್‌ಪುಟ್ ಮೈನಸ್ ಮತ್ತು ಔಟ್‌ಪುಟ್ ಮೈನಸ್ ಅನ್ನು ಅಭ್ಯಾಸಬಲದಿಂದ ಸೇರಿಸಿಬಿಟ್ಟರೆ ಕನ್ವರ್ಟರ್ ಹಾಕಿದ್ದೇ ದಂಡ. ಕನ್ವರ್ಟರ್‌ನ ಔಟ್‌ಪುಟ್ ಶಾರ್ಟ್ ಮಾಡಬೇಡಿ, ಬೇಗ ಸುಡುತ್ತದೆ.

ಮಂದಿರದ ಸೆಟ್‌ಗೆ ಕನ್ವರ್ಟರ್ ಹಾಕಿಯೇ ಕೊಟ್ಟೆ. ತೆಗೆದಿಟ್ಟ ಎರಡು ಮಾಡ್ಯೂಲ್‌ಗಳನ್ನೂ ವಾಪಸ್ ಕೊಟ್ಟೆ.

ವಾಲ್ಯೂಮ್ ತಿರುಗಿಸಿದರೆ ಕರಕರ

ವಾಲ್ಯೂಮ್ ಕಂಟ್ರೋಲ್ ಹಾಳಾಗಿದೆ ಎಂದು ಎಲ್ಲರೂ ಅದನ್ನೇ ಬದಲಿಸುತ್ತಾರೆ. ಹೊಸತರಲ್ಲೂ ಕರಕರ ಬಂದರೆ ಡಿಸಿ ಸೋರುತ್ತಿದೆ ಎಂದು ತಿಳಿಯಿರಿ. ಕಂಟ್ರೋಲ್‌ನ ಮೇಲಿನ ಕಾಲಿಗೂ ಗ್ರೌಂಡಿಗೂ ನಡುವೆ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಡಿಸಿ ನಿಂತಿದ್ದರೂ ಕರಕರಕ್ಕೆ ಸಾಕು. ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು, ತಿರುಗಿಸಿ ಹಾಕಿರಬಹುದು, ಅಥವಾ ಕೆಪಾಸಿಟರನ್ನೇ ಹಾಕದೆ ನೇರ ವೈರ್ ಎಳೆದಿರಬಹುದು. ಮಾಡ್ಯೂಲ್‌ಗಳಲ್ಲಿ ಕೆಲವು ಕೆಪಾಸಿಟರ್ ಒಳಗೇ ಇಟ್ಟುಕೊಂಡು ಬರುತ್ತವೆ, ಕೆಲವು ನಮಗೇ ಬಿಡುತ್ತವೆ. ಔಟ್‌ಪುಟ್ ಪ್ಯಾಡ್ ಮೇಲೆ ಡಿಸಿ ನೋಡಿದರೆ ಗೊತ್ತಾಗುತ್ತದೆ. ಅನುಮಾನ ಇದ್ದರೆ ಒಂದು ಹಾಕಿಬಿಡಿ. 10ರ ಮುಂದೆ 10 ಮೈಕ್ರೋಫ್ಯಾರಡ್ ಬಂದರೆ ಒಟ್ಟು 5 ಆಗುತ್ತದೆ, ಅದರಿಂದ ನಷ್ಟವೇನಿಲ್ಲ.

ಮದ್ದಳೆ ಕೇಳುವುದಿಲ್ಲ

ಸ್ವರ ಇದೆ, ಆದರೆ ತೆಳು, ತಗಡು ಬಡಿದಂತೆ. ಕಪ್ಲಿಂಗ್ ಕೆಪಾಸಿಟರ್ ಚಿಕ್ಕದಾಗಿದೆ. ಲೆಕ್ಕ ಹೀಗಿದೆ: 1,59,000 ಅನ್ನು ಮುಂದಿನ ಸರ್ಕ್ಯೂಟ್‌ನ ಓಮ್ ಮತ್ತು ಕೆಪಾಸಿಟರ್‌ನ ಮೈಕ್ರೋಫ್ಯಾರಡ್ ಗುಣಿಸಿದ್ದರಿಂದ ಭಾಗಿಸಿ. ಬಂದ ಹರ್ಟ್ಸ್‌ಗಿಂತ ಕೆಳಗಿನ ಸ್ವರ ಸೊರಗುತ್ತದೆ. 10 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್ ಮುಂದೆ 0.1 ಹಾಕಿದರೆ 159 ಹರ್ಟ್ಸ್, ಅಲ್ಲಿಗೆ ಮದ್ದಳೆಯ ಗುಂಕಾರ ಹೋಯಿತು. 1 ಮೈಕ್ರೋಫ್ಯಾರಡ್ ಹಾಕಿದರೆ 16 ಹರ್ಟ್ಸ್, ಸಾಕು. ಅದೇ 1 ಮೈಕ್ರೋಫ್ಯಾರಡ್ ಇಟ್ಟುಕೊಂಡು 32 ಓಮ್ ಇಯರ್‌ಫೋನ್ ಹಾಕಿದರೆ ಸುಮಾರು 5,000 ಹರ್ಟ್ಸ್! ತಾಳದ ‘ಟಿಂಗ್’ ಮಾತ್ರ ಉಳಿಯುತ್ತದೆ. ಇಯರ್‌ಫೋನ್‌ಗೆ 220 ಮೈಕ್ರೋಫ್ಯಾರಡ್ ಆದರೂ ಬೇಕು.

ಮೊದಲು ಚೆನ್ನಾಗಿದ್ದು ಬರಬರುತ್ತಾ ತೆಳುವಾದರೆ ಎಲೆಕ್ಟ್ರೋಲೈಟಿಕ್ ಒಣಗಿದೆ. ಆಫ್ ಮಾಡಿ ಅದರ ಮೇಲೆ ಒಳ್ಳೆಯದೊಂದನ್ನು ಜೊತೆಯಾಗಿ ಬೆಸೆದು ಕೇಳಿ. ತುಂಬಿ ಬಂದರೆ ಹಳೆಯದನ್ನು ತೆಗೆಯಿರಿ.

ಭಾಗವತರೇ ಮಾಯ

ಇದನ್ನು ಮೊದಲ ಸಲ ಕಂಡಾಗ ನಾನೇ ಬೆರಗಾಗಿದ್ದೆ. ಒಂದು ಊರಿನ ಸಭಾಂಗಣದಲ್ಲಿ ಯಕ್ಷಗಾನ ಆಟದ ರೆಕಾರ್ಡಿಂಗ್ ಹಾಕಿದ್ದರು. ಸುತ್ತಲಿನ ಪ್ರತಿಧ್ವನಿ, ಜನರ ಗದ್ದಲ ಕೇಳುತ್ತದೆ. ಭಾಗವತರ ಪದ ಇಲ್ಲ! ಅದೇ ಫೋನಿಗೆ ಇಯರ್‌ಫೋನ್ ಹಾಕಿದರೆ ಪದ ಸ್ಪಷ್ಟ.

ರೆಕಾರ್ಡಿಂಗ್‌ನಲ್ಲಿ ಹಾಡುವವರ ಸ್ವರ ಎಡಕ್ಕೂ ಬಲಕ್ಕೂ ಸಮನಾಗಿ ಇರುತ್ತದೆ. ಮಾಡ್ಯೂಲ್‌ನ ಎಡ ಬಲ ಎರಡನ್ನೂ ಒಂದೇ ಜಾಕ್‌ಗೆ ತಂದು ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದ್ದರು. ಅಂಥ ಇನ್‌ಪುಟ್ ಒಂದು ಪಿನ್ನಿನದ್ದರಿಂದ ಇನ್ನೊಂದು ಪಿನ್ನಿನದ್ದನ್ನು ಕಳೆಯುತ್ತದೆ. ಸಮನಾಗಿರುವುದು ಕಳೆದುಹೋಗುತ್ತದೆ, ಬೇರೆಯಾಗಿರುವುದು ಉಳಿಯುತ್ತದೆ. ಇಯರ್‌ಫೋನ್ ಜಾಕ್‌ನ ಗ್ರೌಂಡ್ ವೈರ್ ಕಡಿದರೂ ಹೀಗೇ ಕೇಳುತ್ತದೆ. ಮಾಡ್ಯೂಲ್‌ಗೆ ಇದರಲ್ಲಿ ಯಾವ ಪಾಲೂ ಇಲ್ಲ.

ಎಡ ಬಲ ಬೇರೆ ಬೇರೆ ಚಾನೆಲ್‌ಗೆ ಕೊಡಿ. ಒಂದೇ ಚಾನೆಲ್ ಇದ್ದರೆ ಎರಡಕ್ಕೂ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಚೆ ತುದಿಗಳನ್ನು ಸೇರಿಸಿ, ಅದನ್ನು ಒಂದು ಪಿನ್‌ಗೆ ಕೊಟ್ಟು ಇನ್ನೊಂದನ್ನು ಗ್ರೌಂಡ್ ಮಾಡಿ. ರೆಸಿಸ್ಟರ್ ಇಲ್ಲದೆ ಎಡ ಬಲ ವೈರ್ ಹೊಸೆದು ಸೇರಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಉಂಟು. ದಯವಿಟ್ಟು ಬಿಡಿ. ಒಂದು ಔಟ್‌ಪುಟ್ ಮೇಲೆ ಎಳೆಯುವಾಗ ಇನ್ನೊಂದು ಕೆಳಗೆ ಎಳೆಯುತ್ತದೆ. ಸ್ವರ ಒಡೆಯುತ್ತದೆ, ಚಿಪ್ ಬಿಸಿಯಾಗುತ್ತದೆ.

ಮಿಕ್ಸರ್ ಎಂದ ಕೂಡಲೇ ಇನ್ನೊಂದು ಮಾತು. ಕಂಡೆನ್ಸರ್ ಮೈಕ್‌ಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ಸಪ್ಲೈಗೆ ಸಣ್ಣ ಮಿಕ್ಸರ್‌ಗಳಲ್ಲಿ ಎಲ್ಲ ಮೈಕ್ ಚಾನೆಲ್‌ಗೂ ಸೇರಿ ಒಂದೇ ಸ್ವಿಚ್ ಇರುತ್ತದೆ. ಮಾಡ್ಯೂಲ್ ಅನ್ನು ಮೈಕ್ ಸಾಕೆಟ್‌ಗೆ ಹಾಕಿದ್ದರೆ ಆ 48 ವೋಲ್ಟ್ 6.8 ಕಿಲೋ ಓಮ್ ಮೂಲಕ ನಮ್ಮ ಔಟ್‌ಪುಟ್ ಕೆಪಾಸಿಟರ್ ಮೇಲೆ ಬಂದು ಕೂರುತ್ತದೆ. 10 ಅಥವಾ 16 ವೋಲ್ಟಿನ ಕೆಪಾಸಿಟರ್ ಅದನ್ನು ತಾಳುವುದಿಲ್ಲ. ಅದು ಸೋತರೆ ಮುಂದಿನ ಪೆಟ್ಟು ಚಿಪ್‌ಗೆ. ಒಂದು ಕಾರ್ಯಕ್ರಮ ಆದ ಮರುದಿನವೇ ಒಂದು ಚಾನೆಲ್ ಸತ್ತಿದ್ದರೆ ‘ಎಲ್ಲಿಗೆ ಚುಚ್ಚಿದ್ದಿರಿ?’ ಎಂದು ಮೊದಲು ಕೇಳುತ್ತೇನೆ. ಲೈನ್ ಇನ್‌ಪುಟ್‌ಗೆ ಕೊಡಿ, ಇಲ್ಲವೇ ನಡುವೆ ಡಿಐ ಬಾಕ್ಸ್, ಅಂದರೆ ಲೈನ್ ಸ್ವರವನ್ನು ಮೈಕ್ ಸಾಕೆಟ್‌ಗೆ ಒಗ್ಗಿಸುವ ಪೆಟ್ಟಿಗೆ, ಇಡಿ.

ಇನ್‌ಪುಟ್ ಕಡೆಯ ದೋಷಗಳು

ಕೆಲವರು ಕೆಸಿಎಕ್ಸ್ ಥರದ ಟ್ರಾನ್ಸ್‌ಮಿಟರ್ ಮಾಡ್ಯೂಲ್ ಹಾಕಿ ಮಿಕ್ಸರಿನ ಸ್ವರವನ್ನು ಆಚೆ ಕೋಣೆಯ ಸ್ಪೀಕರಿಗೆ ಕಳಿಸುತ್ತಾರೆ. ದೂರು ಒಂದೇ: ಚೆಂಡೆ ಬಂದಾಗ ಒಡೆಯುತ್ತದೆ. ವೃತ್ತಿಪರ ಮಿಕ್ಸರಿನ ಔಟ್‌ಪುಟ್ ಮಟ್ಟ 1.23 ವೋಲ್ಟ್. ಅದು ಆರ್‌ಎಂಎಸ್ ಎಂಬ ಒಂದು ಬಗೆಯ ಸರಾಸರಿ ಲೆಕ್ಕ, ತುದಿಯಿಂದ ತುದಿಗೆ ಸುಮಾರು 3.5 ವೋಲ್ಟ್. ಚೆಂಡೆಯ ಪೆಟ್ಟು ಅದಕ್ಕೂ ಮೇಲೆ ಹಾರುತ್ತದೆ. 3.3 ವೋಲ್ಟಿನೊಳಗೆ ಕೂತ ಚಿಪ್ ಅದನ್ನು ನುಂಗುವುದು ಹೇಗೆ? ಮನೆಯ ಉಪಕರಣಗಳ ಲೈನ್ ಮಟ್ಟ 0.316 ವೋಲ್ಟ್, ಮಾಡ್ಯೂಲ್ ಎದುರು ನೋಡುವುದು ಅಷ್ಟನ್ನೇ. ವೈರಿಗೆ ಸರಣಿಯಲ್ಲಿ 10 ಕಿಲೋ ಓಮ್, ಆಮೇಲೆ ಗ್ರೌಂಡಿಗೆ 3.3 ಕಿಲೋ ಓಮ್ ಹಾಕಿದರೆ ಸ್ವರ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಕಪ್ಲಿಂಗ್ ಕೆಪಾಸಿಟರ್‌ಗಿಂತ ಮೊದಲು ಹಾಕಿ. ಆಚೆ ಹಾಕಿದರೆ ಚಿಪ್‌ನ ಬಯಾಸ್ ಕುಸಿಯುತ್ತದೆ.

ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಸಪ್ಲೈ, ಅದೇ ಲ್ಯಾಪ್‌ಟಾಪಿನ ಜಾಕ್‌ನಿಂದ ಸ್ವರ, ಹೀಗಿದ್ದು ಕುಂಯ್ ಬಂದರೆ ಭಜನಾ ಮಂದಿರದ್ದೇ ಕಥೆ. ಸಪ್ಲೈ ಬೇರೆ ಕಡೆಯಿಂದ ಕೊಟ್ಟು ನೋಡಿ.

ಕರೆ ಬಂದಾಗ ಆಚೆಯವರಿಗೆ ನಮ್ಮ ಮಾತು ಕೇಳದಿದ್ದರೆ ಮೈಕ್ ನೋಡಬೇಕು. ಎಲೆಕ್ಟ್ರೆಟ್ ಮೈಕ್‌ಗೆ ಡಿಸಿ ಬೇಕು, ಅದು ಸಾಮಾನ್ಯವಾಗಿ 2.2 ಕಿಲೋ ಓಮ್ ಮೂಲಕ ಬರುತ್ತದೆ. ಕರೆ ನಡೆಯುತ್ತಿರುವಾಗಲೇ ಅಳೆಯಿರಿ. ಬೇರೆ ಹೊತ್ತಿನಲ್ಲಿ ಹಲವು ಚಿಪ್‌ಗಳು ಬ್ಯಾಟರಿ ಉಳಿಸಲು ಇದನ್ನು ಆಫ್ ಮಾಡಿರುತ್ತವೆ, ಆಗ ಸೊನ್ನೆ ಕಂಡು ಚಿಪ್ ಹೋಯಿತು ಎಂದು ತೀರ್ಮಾನಿಸಿದವರಿದ್ದಾರೆ. ರೆಸಿಸ್ಟರ್‌ನ ಚಿಪ್ ಕಡೆ 2.6 ಇದ್ದು ಮೈಕ್ ಕಡೆ 1.5 ಇದ್ದರೆ ಅರ್ಧ ಮಿಲಿಆಂಪ್ ಹರಿಯುತ್ತಿದೆ, ಮೈಕ್ ಬದುಕಿದೆ. ಎರಡೂ ಕಡೆ 2.6 ಇದ್ದರೆ ವೈರ್ ಕಡಿದಿದೆ ಅಥವಾ ಮೈಕ್ ಸತ್ತಿದೆ. ಮೈಕ್ ಕಡೆ ಸೊನ್ನೆ ಇದ್ದರೆ ಶಾರ್ಟ್. ಮೈಕ್‌ನ ಲೋಹದ ಕವಚಕ್ಕೆ ತಾಗಿದ ಕಾಲೇ ಮೈನಸ್.

ಮಳೆ ಮತ್ತು ಉಪ್ಪುಗಾಳಿ

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಷಗಳ ಜಾತಿಯೇ ಬೇರೆ. ಬೆಳಿಗ್ಗೆ ಕೆಲಸ ಮಾಡದ್ದು ಮಧ್ಯಾಹ್ನ ಬಿಸಿಯಾದ ಮೇಲೆ ಸರಿಹೋಗುತ್ತದೆ. ಮೈಕ್‌ನಲ್ಲಿ ಚಿಟಿಚಿಟಿ. ಒಂದು ಚಾನೆಲ್ ಬಂದೂ ಬಂದೂ ಹೋಗುತ್ತದೆ. ಬೆಸುಗೆಯ ಫ್ಲಕ್ಸ್ ತೊಳೆಯದೆ ಬಿಟ್ಟಿದ್ದರೆ ಅದು ತೇವ ಹೀರಿ ಪಿನ್ನಿನಿಂದ ಪಿನ್ನಿಗೆ ಕರೆಂಟ್ ಸೋರಿಸುತ್ತದೆ. ಮೈಕ್ ಇನ್‌ಪುಟ್‌ನಲ್ಲಿ ಇರುವುದೇ ಕೆಲವು ಮಿಲಿವೋಲ್ಟ್, ಅಲ್ಲಿ ಸಣ್ಣ ಸೋರಿಕೆಯೂ ದೊಡ್ಡ ಸದ್ದು. 3.5 ಎಂಎಂ ಜಾಕ್ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮಲ್ಪೆ, ಪಣಂಬೂರು ಕಡೆ ಕಡಲ ಪಕ್ಕದ ಮನೆಗಳಲ್ಲಿ ಇದು ಬೇಗ ಆಗುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಚೆನ್ನಾಗಿ ಒಣಗಲಿ, ಒಂದು ರಾತ್ರಿ ಬಿಟ್ಟರೂ ನಷ್ಟವಿಲ್ಲ. ಜಾಕ್‌ಗೆ ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ನನಗೆ ಇಷ್ಟವಿಲ್ಲ, ಧೂಳು ಅಂಟಿ ಮತ್ತೆ ಅದೇ ಗತಿ. ಜಾಕ್ ಒಳಗಿನ ಸ್ಪ್ರಿಂಗ್ ಸಡಿಲ ಆಗಿದ್ದರೆ ತೊಳೆದು ಫಲವಿಲ್ಲ, ಜಾಕ್ ಬದಲಿಸಿ. ಒಣಗಿದ ಬೋರ್ಡ್ ಮೇಲೆ ರಕ್ಷಣೆಯ ಅಕ್ರಿಲಿಕ್ ಕೋಟಿಂಗ್ ತೆಳುವಾಗಿ ಹೊಡೆದರೆ ಮುಂದಿನ ಮಳೆಗಾಲಕ್ಕೆ ಒಳ್ಳೆಯದು. ಜಾಕ್, ಬಟನ್, ಮೈಕ್, ಆಂಟೆನಾ ಭಾಗಕ್ಕೆ ಟೇಪ್ ಅಂಟಿಸಿ ಮುಚ್ಚಿಕೊಂಡು ಹೊಡೆಯಿರಿ.

ಈಗ ಹಿಡಿಸೂಡಿ ಕಡ್ಡಿ. ಬಂದು ಹೋಗುವ ದೋಷಕ್ಕೆ ಸೆಟ್ ಆನ್ ಇಟ್ಟು ಕಡ್ಡಿಯ ತುದಿಯಿಂದ ಒಂದೊಂದೇ ಬಿಡಿಭಾಗವನ್ನು ಮೆಲ್ಲಗೆ ಒತ್ತಿ. ಒಣ ಕಡ್ಡಿಯಾದ್ದರಿಂದ ಶಾರ್ಟ್ ಆಗುವುದಿಲ್ಲ. ತುದಿ ಮೊನಚು, ಆದರೆ ಬಾಗುತ್ತದೆ, ಬೋರ್ಡ್ ಗೀರುವುದಿಲ್ಲ. ಎಲ್ಲಿ ಒತ್ತಿದಾಗ ಸ್ವರ ಮಿಣುಕುತ್ತದೋ ಅಲ್ಲಿ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ), ಇಲ್ಲವೇ ಬಿರುಕು ಬಿಟ್ಟ ಸೆರಾಮಿಕ್ ಕೆಪಾಸಿಟರ್. ಸ್ಕ್ರೂ ಬಿಗಿ ಮಾಡುವಾಗ ಬೋರ್ಡ್ ಬಾಗಿದರೆ ಇಂಥ ಕೆಪಾಸಿಟರ್ ಒಡೆಯುತ್ತವೆ. ಕಣ್ಣಿಗೆ ಬಿರುಕು ಕಾಣುವುದಿಲ್ಲ. ಒಂದು ಎಚ್ಚರ: ಚೆನ್ನಾಗಿರುವ ಸೆರಾಮಿಕ್ ಕೆಪಾಸಿಟರ್ ಕೂಡ ಕುಟ್ಟಿದರೆ ಸ್ವಲ್ಪ ‘ಟಕ್’ ಎನ್ನುತ್ತದೆ, ಅದು ಅದರ ಗುಣ. ಆದ್ದರಿಂದ ಕುಟ್ಟಬೇಡಿ, ಒತ್ತಿ.

ಸ್ವರವೇ ಇಲ್ಲ

ಸೂಜಿಯಿಂದ ಮುಟ್ಟಿದರೆ ಮಾಡ್ಯೂಲ್ ಪ್ಯಾಡ್ ಮೇಲೆ ಹಾಡಿದೆ, ಸ್ಪೀಕರಿನಲ್ಲಿ ಇಲ್ಲ ಎಂದರೆ ಆಂಪ್ಲಿಫೈಯರ್ ಐಸಿಯ ಮ್ಯೂಟ್ ಪಿನ್ ನೋಡಿ. ಪಿಎಎಂ8403ರಲ್ಲಿ ಮ್ಯೂಟ್ ಪಿನ್ ಕೆಳಗೆ ಇಳಿದರೆ ಸ್ವರ ನಿಲ್ಲುತ್ತದೆ. ಮಾಡ್ಯೂಲ್ ಹಾಡುವಾಗ ಅದನ್ನು ಕೆಳಗೆ ಇಳಿಸುವ ಜಾತಿಯದ್ದಾದರೆ ಎರಡಕ್ಕೂ ತಾಳ ಕೂಡುವುದಿಲ್ಲ. ಮ್ಯೂಟ್ ವೈರ್ ಬಿಚ್ಚಿ ಆ ಪಿನ್ ಅನ್ನು 5 ವೋಲ್ಟ್‌ಗೆ ಏರಿಸಿ ಕೇಳಿ. ಅದೇ ಐಸಿಯ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ. ಎರಡೂ ವೈರ್‌ಗಳಲ್ಲಿ ಸ್ವರ ಇರುತ್ತದೆ. ಗ್ರೌಂಡಿಗೆ ಮುಟ್ಟಿಸಬೇಡಿ.

ಮಾಡ್ಯೂಲೇ ಹೋಗಿದೆ ಎನ್ನುವುದು ಯಾವಾಗ

ಹೊರಗಿನ ಎಲ್ಲ ವೈರ್ ಬಿಚ್ಚಿ, ಲಿಥಿಯಂ ಸೆಲ್ ಮಾತ್ರ ಕೊಟ್ಟು, ಫೋನ್ ಜೋಡಿಸಿ ಟೋನ್ ಹಾಕಿ. ಔಟ್‌ಪುಟ್ ಪ್ಯಾಡ್ ಮೇಲೆ ಬಯಾಸ್ ಎಡ ಬಲ ಒಂದೇ ಇಲ್ಲದಿದ್ದರೆ, ಅಥವಾ ಬಯಾಸ್ ಇದ್ದೂ ಸೂಜಿಗೆ ಸ್ವರ ಸಿಗದಿದ್ದರೆ, ಆಗ ಮಾತ್ರ ಬದಲಿಸಿ.

ಬದಲಿಸುವಾಗ ಹೊಸದರ ಪಿನ್ ಹೆಸರು ಓದಿಕೊಳ್ಳಿ. ಸಿಎಸ್‌ಆರ್8645 ಥರದ ಚಿಪ್ ಇರುವ ಮಾಡ್ಯೂಲ್‌ಗಳಲ್ಲಿ ಒಂದೊಂದು ಚಾನೆಲ್‌ಗೂ ಪ್ಲಸ್, ಮೈನಸ್ ಎಂದು ಎರಡು ಪಿನ್. ಇಲ್ಲಿ ಮೈನಸ್ ಎಂದರೆ ಗ್ರೌಂಡ್ ಅಲ್ಲ, ತಿರುಗಿಸಿದ ಸ್ವರ. ಅದಕ್ಕೂ ಬಯಾಸ್ ಇರುತ್ತದೆ. ಹಳೆಯ ಮಾಡ್ಯೂಲ್‌ನ ಗ್ರೌಂಡ್ ವೈರನ್ನು ಅದಕ್ಕೆ ಬೆಸೆದರೆ ಅರ್ಧ ಔಟ್‌ಪುಟ್ ಶಾರ್ಟ್. ಮಾಮೂಲಿ ಆಂಪ್ಲಿಫೈಯರ್‌ಗೆ ಕೊಡುವುದಾದರೆ ಪ್ಲಸ್ ಪಿನ್ನಿನಿಂದ ಕೆಪಾಸಿಟರ್ ಮೂಲಕ ಸ್ವರ ತೆಗೆಯಿರಿ, ಶೀಲ್ಡ್ ಅನ್ನು ಮಾಡ್ಯೂಲ್‌ನ ನಿಜವಾದ ಗ್ರೌಂಡ್ ಪಿನ್ನಿಗೆ ಹಾಕಿ, ಮೈನಸ್ ಪಿನ್ ಖಾಲಿ ಬಿಡಿ. ಸ್ವರ ಅರ್ಧವಾಗುತ್ತದೆ, ಆದರೆ ಶುದ್ಧ ಇರುತ್ತದೆ. ಪೂರ್ತಿ ಬೇಕಿದ್ದರೆ 600 ಓಮ್‌ನ ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರ್‌ನ ಒಂದು ಸುರುಳಿಯನ್ನು ಈ ಎರಡು ಪಿನ್‌ಗಳ ನಡುವೆ, ಒಂದು ಕಾಲಿಗೆ ಕೆಪಾಸಿಟರ್ ಹಾಕಿ ಜೋಡಿಸಿ. ಇನ್ನೊಂದು ಸುರುಳಿ ಆಂಪ್ಲಿಫೈಯರ್‌ಗೆ. ಗ್ರೌಂಡ್‌ಗಳು ಬೇರೆಯಾಗುವುದರಿಂದ ಸ್ವರದ ವೈರಿನಲ್ಲಿ ಹುಟ್ಟುವ ಲೂಪ್ ಕೂಡ ಅಲ್ಲೇ ಕಡಿಯುತ್ತದೆ.